ಮುಳ್ಳಿನ ನಡುವೆ ಬಿದ್ದ ಬೀಜ: ಚಿಂತೆ, ಗಡಿಬಿಡಿಗಳ ಮಧ್ಯೆ ನಂಬಿಕೆ ಬೆಳೆಸುವ ಹಂತಗಳು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ವಾಗ್ದಾನದ ವಚನದ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಂದು, ಬೆಳಗಾಗುತ್ತಲೇ ಆದಿಕಾಂಡ ಮೊದಲನೇ ಅಧ್ಯಾಯ ತೆಗೆಯುತ್ತೇವೆ. ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಮುಗಿಸಬೇಕೆಂದರೆ 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಆ ಲೆಕ್ಕದಲ್ಲಿ ಜನವರಿ ಕೊನೆಯ ವಾರಕ್ಕೆ ಯಾಜಕಕಾಂಡ ಎದುರಾಗುತ್ತದೆ. ಹೋಮಬಲಿ, ಕೊಬ್ಬು, ಕುಷ್ಠದ ಪರೀಕ್ಷೆ. ಅದೇ ಹೊತ್ತಿಗೆ ಮಕ್ಕಳ ಪರೀಕ್ಷೆ, ಸ್ಕೂಲ್ ಫೀಸು, ಆಫೀಸಿನ ಅಪ್ರೈಸಲ್. ಸತ್ಯವೇದದ ರಿಬ್ಬನ್ ಅಲ್ಲಿಗೇ ನಿಂತುಬಿಡುತ್ತದೆ. ನಮ್ಮ ಮನೆಕೂಟದಲ್ಲಿ ಯಾಜಕಕಾಂಡ ದಾಟಿದವರನ್ನು ಒಂದು ಕೈಯಲ್ಲಿ ಎಣಿಸಬಹುದು, ನನ್ನನ್ನು ಬಿಟ್ಟು.

ಆಮೇಲೆ ನಾವು ಮಾಡುವುದು ಏನು? ಇನ್ನಷ್ಟು ಸೇರಿಸುತ್ತೇವೆ. ಮೂರು ದಿನದ ಕನ್ವೆನ್ಷನ್, ಒಂದು ಉಪವಾಸ ಪ್ರಾರ್ಥನೆ, ಹೊಸ ಧ್ಯಾನದ ಪುಸ್ತಕ, ಇನ್ನೊಂದು ವಾಟ್ಸಾಪ್ ಗ್ರೂಪ್. ಕಳೆ ತುಂಬಿದ ಹೊಲಕ್ಕೆ ಮತ್ತೆ ಮತ್ತೆ ಬೀಜ ಚೆಲ್ಲಿದ ಹಾಗೆ. ಮಾರ್ಕ 4ರಲ್ಲಿ ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯದಲ್ಲಿ, ಅಂದರೆ ದೇವರ ವಾಕ್ಯವೆಂಬ ಬೀಜ ನಾಲ್ಕು ಬಗೆಯ ನೆಲಕ್ಕೆ ಬೀಳುವ ಕಥೆಯಲ್ಲಿ, ಮುಳ್ಳು ತುಂಬಿದ ಮೂರನೇ ನೆಲವನ್ನು ಗಮನಿಸಿ. ಬೀಜ ಚೆನ್ನಾಗಿಯೇ ಇದೆ. ನೆಲದಲ್ಲೂ ಸಾರವಿದೆ, ಇಲ್ಲದಿದ್ದರೆ ಮುಳ್ಳು ಅಷ್ಟು ಹುಲುಸಾಗಿ ಬರುತ್ತಿರಲಿಲ್ಲ. ಪೈರು ಸತ್ತಿತೆಂದೂ ಅಲ್ಲಿಲ್ಲ. ಫಲ ಕೊಡಲಿಲ್ಲ, ಅಷ್ಟೇ. ಲೂಕನು ಅದನ್ನೇ, ಫಲ ಮಾಗಲಿಲ್ಲ ಎಂಬ ಅರ್ಥದಲ್ಲಿ ಬರೆಯುತ್ತಾನೆ.

ಆದ್ದರಿಂದ ಕೆಳಗಿನ ಹಂತಗಳಲ್ಲಿ ಕ್ರಮವೇ ಮುಖ್ಯ. ಮೊದಲು ಕಳೆ, ಆಮೇಲೆ ಬೀಜ. ಓದುವುದು ಐದನೇ ಹಂತಕ್ಕೆ ಬರುತ್ತದೆ. ನೇರ ಅಲ್ಲಿಗೆ ಹಾರಿದವರು ಮತ್ತೆ ಫೆಬ್ರವರಿಯಲ್ಲಿ ಬಂದು, ಓದು ಯಾಕೆ ನಿಂತುಹೋಗುತ್ತದೆ ಎಂಬ ಇದೇ ಪ್ರಶ್ನೆ ಕೇಳುತ್ತಾರೆ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಅಚ್ಚಾದ ಸತ್ಯವೇದ ಒಂದು. ಹಳೆಯ ಅನುವಾದದ ಭಾಷೆ ನಾಲಿಗೆಗೆ ತೊಡರಿದರೆ ಸರಳ ಭಾಷೆಯ ಅನುವಾದ ಕೊಂಡುಕೊಳ್ಳಿ, ಅದರಲ್ಲಿ ಸಂಕೋಚವೇನೂ ಬೇಡ. ಗೆರೆ ಹಾಕಿದ ಸಾಧಾರಣ ನೋಟ್‌ಬುಕ್, ಒಂದು ಪೆನ್. ಟಿಕ್ ಟಿಕ್ ಅನ್ನುವ ಅಲಾರಂ ಗಡಿಯಾರ. ಇದು ಯಾಕೆಂದು ಮೂರನೇ ಹಂತದಲ್ಲಿ ತಿಳಿಯುತ್ತದೆ. ಕೊನೆಯದಾಗಿ ಒಬ್ಬ ವ್ಯಕ್ತಿ, ಗುಂಪಲ್ಲ.

ಪ್ರತ್ಯೇಕ ಪ್ರಾರ್ಥನೆ ಕೋಣೆ, ನಾಲ್ಕು ಬಣ್ಣದ ಹೈಲೈಟರ್, ದಪ್ಪನೆಯ ವ್ಯಾಖ್ಯಾನ ಗ್ರಂಥ ಯಾವುದೂ ಬೇಡ. ಇವುಗಳನ್ನು ಹೊಂದಿಸುವುದರಲ್ಲೇ ಒಂದು ತಿಂಗಳು ಕಳೆದವರನ್ನು ಕಂಡಿದ್ದೇನೆ.

## ಹಂತ 1: ಏಳು ದಿನ ಕಳೆ ಗುರುತಿಸಿ

ಈ ವಾರ ಏನನ್ನೂ ಬದಲಾಯಿಸಬೇಡಿ. ದಿನಕ್ಕೆ ಐದು ನಿಮಿಷ ಪ್ರಾರ್ಥನೆಗೆ ಕೂತುಕೊಳ್ಳಿ. ಮನಸ್ಸು ಎತ್ತ ಓಡಿತೋ ಅದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ, ಸಮಯದ ಸಮೇತ. ನನ್ನ ಒಂದು ಮಂಗಳವಾರದ ಪುಟ ಹೀಗಿತ್ತು:

6:10 – ಗ್ಯಾಸ್ ಬುಕ್ ಮಾಡಿಲ್ಲ.
6:11 – ನಾಮಕರಣದ ದಿನ ಅಕ್ಕ ಅಂದ ಮಾತು.
6:12 – ಸೈಟಿನ ಖಾತೆ.
6:12 – ಮತ್ತೆ ಅಕ್ಕನ ಮಾತು.
6:14 – ಗಾಯನ ತಂಡದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದು.

ನನ್ನ ಶತ್ರು ಮೊಬೈಲ್ ಎಂದುಕೊಂಡಿದ್ದೆ. ಏಳು ದಿನದ ಪಟ್ಟಿಯಲ್ಲಿ ಮೊಬೈಲ್ ಮೂರು ಸಲ ಬಂದಿತ್ತು, ಅಕ್ಕ ಹನ್ನೊಂದು ಸಲ.

ವಾರ ಮುಗಿದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ಗುರುತು ಹಾಕಿ. ಮಾರ್ಕ 4:19ರಲ್ಲಿ ಮುಳ್ಳಿಗೆ ಮೂರು ಹೆಸರಿದೆ: ಪ್ರಪಂಚದ ಚಿಂತೆ, ಐಶ್ವರ್ಯದ ಮೋಸ, ಇತರ ವಿಷಯಗಳ ಮೇಲಿನ ಆಶೆ. ಯಾವುದು ಯಾವ ಜಾತಿಯದ್ದೆಂದು ತಿಳಿಯದೆ ಕೀಳಲು ಹೋದರೆ ಗರಿಕೆಯ ತುದಿ ಕಿತ್ತ ಹಾಗಾಗುತ್ತದೆ. ಬೇರು ಒಳಗೇ ಉಳಿದು ಎಂಟು ದಿನಕ್ಕೆ ಮತ್ತೆ ಚಿಗುರುತ್ತದೆ.

ಎಚ್ಚರಿಕೆ: ರಾಗಿ ಹೊಲದಲ್ಲಿ ಕಳೆ ಕಿತ್ತವರಿಗೆ ಗೊತ್ತು, ಎಳೆಯದರಲ್ಲಿ ಪೈರಿನ ಹಾಗೇ ಕಾಣುವ ಹುಲ್ಲೊಂದಿರುತ್ತದೆ. ಅಜ್ಜಿ ಬುಡ ಮುಟ್ಟಿ ನೋಡದೆ ಕೀಳಲು ಬಿಡುತ್ತಿರಲಿಲ್ಲ. ಸಭೆಯೊಳಗೂ ಅಂಥ ಕಳೆಯಿದೆ. ಸಭೆಯ ಕಮಿಟಿ ಚುನಾವಣೆ, ಗಾಯನ ತಂಡದಲ್ಲಿ ಸಾಲಿನ ಜಗಳ, ದಿನವಿಡೀ ಗುಲಾಬಿ ಚಿತ್ರದ ಮೇಲೆ ವಚನ ಹಾಕಿ ಫಾರ್ವರ್ಡ್ ಮಾಡುವುದು. ನೋಡಲು ಭಕ್ತಿಯಂತೆಯೇ ಇರುತ್ತದೆ. ಪಟ್ಟಿಯಲ್ಲಿ ಅವೂ ಬರಲಿ.

ಸಾಮಾನ್ಯ ತಪ್ಪು: ಪಟ್ಟಿ ನೋಡಿ ನಾಚಿಕೆಯಾಗಿ ಪುಟ ಹರಿದುಹಾಕುವುದು. ಪಟ್ಟಿಯ ಕೆಲಸ ತೋರಿಸುವುದು, ಅಷ್ಟೇ. ಪುಟ ಖಾಲಿಯಿದ್ದರೆ ಇನ್ನೊಂದು ವಾರ ಬರೆಯಿರಿ.

## ಹಂತ 2: ಚಿಂತೆಗಳನ್ನು ಮೂರು ಪಾಲು ಮಾಡಿ

ಎಲ್ಲ ಚಿಂತೆಗೂ "ದೇವರ ಮೇಲೆ ಭಾರ ಹಾಕು" ಎಂಬ ಒಂದೇ ಔಷಧಿ ಕೊಡುವುದು ನಮ್ಮ ಸಭೆಗಳಲ್ಲಿ ಹೆಚ್ಚು ಕಾಣುವ ತಪ್ಪು. ಮಾತು ಸರಿಯೇ, ಆದರೆ ಯಾವ ಭಾರ ಎಂಬುದು ಮೊದಲು ಗೊತ್ತಾಗಬೇಕು.

ಒಂದನೇ ಪಾಲು, ಇವತ್ತೇ ನನ್ನ ಕೈಯಲ್ಲಿ ಆಗುವುದು. ಗ್ಯಾಸ್ ಬುಕಿಂಗ್, ಅಕ್ಕನಿಗೆ ಫೋನ್, ಫೀಸಿಗೆ ಕಾಲಾವಕಾಶ ಕೇಳುವ ಅರ್ಜಿ. ಇದಕ್ಕೆ ಪ್ರಾರ್ಥನೆ ಬೇಡ, ಕೆಲಸ ಬೇಕು. ಅಂಚಿನಲ್ಲಿ ಸಮಯ ಬರೆದು ಅವತ್ತೇ ಮುಗಿಸಿ. ಮಾಡಬೇಕಾದ್ದನ್ನು ಮಾಡದೆ ಅದಕ್ಕಾಗಿ ಮೊಣಕಾಲೂರಿದರೆ ಚಿಂತೆಯೂ ಉಳಿಯುತ್ತದೆ, ಪ್ರಾರ್ಥನೆಯ ಮೇಲೆ ಬೇಸರವೂ ಬರುತ್ತದೆ.

ಎರಡನೇ ಪಾಲು, ನಿಜವಾಗಿ ಇರುವುದು, ಆದರೆ ನನ್ನ ಕೈಯಲ್ಲಿಲ್ಲದ್ದು. ಅಮ್ಮನ ಸಕ್ಕರೆ ಕಾಯಿಲೆ, ಮಗನ ಕೆಲಸ. ಇದು ಪ್ರಾರ್ಥನೆಗೆ ಸೇರಿದ್ದು.

ಮೂರನೇ ಪಾಲು, ಇನ್ನೂ ನಡೆದೇ ಇಲ್ಲದ್ದು. "ಕಂಪನಿಯಲ್ಲಿ ತೆಗೆದುಬಿಟ್ಟರೆ?" "ಮಳೆಗೆ ಮನೆಯೊಳಗೆ ನೀರು ನುಗ್ಗಿದರೆ?" ಮತ್ತಾಯ 6:34 ನಾಳೆಯದನ್ನು ನಾಳೆಗೇ ಬಿಡಲು ಹೇಳುತ್ತದೆ. ಇವನ್ನು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆದು ಮುಚ್ಚಿ. ತಿಂಗಳ ಕೊನೆಗೆ ಒಮ್ಮೆ ಮಾತ್ರ ತೆರೆಯಿರಿ. ನನ್ನದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ನಡೆಯಲೇ ಇಲ್ಲ. ಎರಡು ನಡೆದವು. ನಾನು ಹೆದರಿದ ರೀತಿಯಲ್ಲಲ್ಲ, ಬೇರೆ ರೀತಿಯಲ್ಲಿ.

ಎರಡನೇ ಪಾಲಿಗೆ ಪ್ರಾರ್ಥಿಸುವುದು ಹೇಗೆಂದು ಕೇಳುವವರೇ ಹೆಚ್ಚು. ಕೀರ್ತನೆ 13 ಒಳ್ಳೆಯ ಅಚ್ಚು. ಆರೇ ವಚನ. ಮೊದಲೆರಡರಲ್ಲಿ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಅಪ್ಪನ ಬಯಾಪ್ಸಿ ವರದಿಗೆ ಒಂಬತ್ತು ದಿನ ಕಾಯಬೇಕಾದಾಗ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದೇ ಅಚ್ಚಿನಲ್ಲಿ ಬರೆದಿದ್ದೆ: "ಕರ್ತನೇ, ಇನ್ನೆಷ್ಟು ದಿನ? ಲ್ಯಾಬಿನವರು ನಾಳೆ ಬನ್ನಿ ಅನ್ನುತ್ತಲೇ ಇದ್ದಾರೆ. ಅಪ್ಪ ಊಟ ಬಿಟ್ಟಿದ್ದಾರೆ, ನೋಡು. ಇವತ್ತು ರಾತ್ರಿ ನಿದ್ದೆ ಬರಲಿ. ವರದಿ ಏನೇ ಬರಲಿ, ನೀನು ಇಲ್ಲಿಂದ ಎದ್ದು ಹೋಗುವವನಲ್ಲ." ಕೊನೆಯ ಸಾಲು ಬರೆದಾಗ ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿತ್ತೆಂದು ಹೇಳಲಾರೆ. ಅಚ್ಚಿನಲ್ಲಿ ಆ ಜಾಗ ಇತ್ತು, ತುಂಬಿದೆ.

ಸಾಮಾನ್ಯ ತಪ್ಪು: ದೂರನ್ನು ಬಿಟ್ಟು ನೇರ ಸ್ತೋತ್ರಕ್ಕೆ ಹೋಗುವುದು. ದೂರುವುದು ಅವಿಶ್ವಾಸವಲ್ಲವೇ ಎಂಬ ಅಂಜಿಕೆ ನಮಗೆ. ದಾವೀದನ ಹೆಸರಿನ ಕೀರ್ತನೆಯಲ್ಲೇ "ಎಷ್ಟರವರೆಗೆ" ಎಂಬ ಕೂಗು ಇರುವಾಗ ನಮಗೇಕೆ ಮುಚ್ಚುಮರೆ?

## ಹಂತ 3: ಮೊಬೈಲನ್ನು ಬೇರೆ ಕೋಣೆಗೆ ಕಳಿಸಿ

ಒಂದು ಆ್ಯಪ್‌ನಲ್ಲಿ ದಿನ ತಪ್ಪದೆ ಸತ್ಯವೇದ ಓದುತ್ತಿದ್ದೆ. ಎಷ್ಟು ದಿನ ಸತತವಾಗಿ ಓದಿದ್ದೀರಿ ಎಂದು ಅದು ಲೆಕ್ಕ ತೋರಿಸುತ್ತದೆ. 143 ಆಗಿತ್ತು. ಒಂದು ರಾತ್ರಿ 11:55ಕ್ಕೆ ನಿದ್ದೆಗಣ್ಣಲ್ಲಿ ತೆರೆದು, ಕೆಳಗಿನವರೆಗೆ ಬೆರಳಲ್ಲಿ ಸರಿಸಿ, ಟಿಕ್ ಒತ್ತಿ ಮಲಗಿದೆ. ಬೆಳಗ್ಗೆ ನೆನಪಿದ್ದದ್ದು 144 ಎಂಬ ಸಂಖ್ಯೆ ಮಾತ್ರ. ಯಾವ ಅಧ್ಯಾಯ ಎಂದು ಕೇಳಿದ್ದರೆ ಬಾಯಿ ಬಿಡುತ್ತಿದ್ದೆ.

ಆ್ಯಪ್ ಕೆಟ್ಟದ್ದೆಂದಲ್ಲ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಅದೇ ಗತಿ. ಆದರೆ ಮನೆಯಲ್ಲಿ ಓದಿಗೆ, ಪ್ರಾರ್ಥನೆಗೆ ಕೂರುವ ಹದಿನೈದು ನಿಮಿಷ ಮೊಬೈಲ್ ಫ್ರಿಜ್ ಮೇಲಿರಲಿ. ಅಲಾರಂಗೆ ಗಡಿಯಾರ ಇದೆಯಲ್ಲ. ಅಲಾರಂ ನಿಲ್ಲಿಸಲು ಮೊಬೈಲ್ ಮುಟ್ಟಿದವರ ಕೈ ಮೂರು ನೋಟಿಫಿಕೇಷನ್ ನೋಡದೆ ಹಿಂದಕ್ಕೆ ಬರುವುದಿಲ್ಲ.

ಯೂಟ್ಯೂಬ್ ಪ್ರಸಂಗಗಳ ವಿಷಯವಾಗಿ ಒಂದು ಮಾತು. ಈರುಳ್ಳಿ ಹೆಚ್ಚುತ್ತಾ ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ ಪ್ರಸಂಗ ಪ್ರಾರ್ಥನೆಯಾಗುವುದಿಲ್ಲ. ಕೇಳಿ, ಬೇಡವೆನ್ನುವುದಿಲ್ಲ. ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

## ಹಂತ 4: ಗೂಟ ಹೊಡೆಯಿರಿ

"ಬೆಳಗ್ಗೆ ಐದಕ್ಕೆ ಏಳುತ್ತೇನೆ" ಎಂಬ ಹಟ ಹೆಚ್ಚು ದಿನ ಬಾಳುವುದಿಲ್ಲ. ಗಡಿಯಾರದ ಬದಲು, ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಈ ಹೊತ್ತನ್ನು ಕಟ್ಟಿಹಾಕಿ. ಮೊದಲ ಕಾಫಿ ಲೋಟದ ಜೊತೆ. ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದ ಕೂಡಲೇ. ರಾತ್ರಿ ಪಾಳಿಯವರಾದರೆ ಕ್ಯಾಬ್ ಇಳಿದು ಕೈಕಾಲು ತೊಳೆದ ಮೇಲೆ. ದಾನಿಯೇಲನ ಗೂಟ ಒಂದು ಕಿಟಕಿ. ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಹೊರಟ ಮೇಲೂ ಯೆರೂಸಲೇಮಿನ ಕಡೆಗಿದ್ದ ಅದೇ ಕಿಟಕಿಯ ಬಳಿ, ಮುಂಚಿನಿಂದ ಮಾಡುತ್ತಿದ್ದಂತೆಯೇ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಅವನು ಕಷ್ಟ ಬಂದ ದಿನ ಹೊಸದಾಗಿ ಶುರು ಮಾಡಿದ್ದಲ್ಲ.

ಪುಟ್ಟ ಮಕ್ಕಳ ತಾಯಂದಿರಿಗೆ: ಯೇಸು ಮನೆಗೆ ಬಂದಾಗ ಆತನ ಮಾತು ಕೇಳಲು ಕೂರದೆ ಉಪಚಾರದಲ್ಲೇ ಓಡಾಡಿದ ಮಾರ್ಥಳ ಕಥೆ ಹೇಳಿ ನಿಮ್ಮನ್ನು ಬೈಯುವವರ ಮಾತಿಗೆ ಕಿವಿಗೊಡಬೇಡಿ. ಲೂಕ 10ರಲ್ಲಿ ಮಾರ್ಥಳಿಗೆ ಸಿಕ್ಕಿದ ಮಾತು ಅಡಿಗೆ ಮಾಡಿದ್ದಕ್ಕಲ್ಲ, ಅನೇಕ ವಿಷಯಗಳ ಚಿಂತೆಯಲ್ಲಿ ಕಳವಳಪಟ್ಟದ್ದಕ್ಕೆ. ಒಂದು ವಚನವನ್ನು ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಸಿ, ವಾರಕ್ಕೊಂದು. ಡಬ್ಬ ತೆರೆದಾಗಲೆಲ್ಲ ಓದಿದರೆ ಈ ಹಂತದಲ್ಲಿ ಅಷ್ಟು ಸಾಕು.

## ಹಂತ 5: ಈಗ ಬಿತ್ತಿ, ಆದರೆ ಕಡಿಮೆ

ಆದಿಕಾಂಡ ಬೇಡ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ. ದಿನಕ್ಕೆ ಹದಿನೈದು ವಚನದಂತೆ ಓದಿದರೆ ಸುಮಾರು 45 ದಿನ.

ಒಂದು ಸಲ ಜೋರಾಗಿ ಓದಿ, ಕಿವಿಗೆ ಬೀಳುವ ಹಾಗೆ. ಎರಡನೇ ಸಲ ಮೆಲ್ಲಗೆ. ಆಗ "ನನಗೇನು ಪಾಠ?" ಎಂದು ಕೇಳಬೇಡಿ. "ಯೇಸು ಇಲ್ಲಿ ಏನು ಮಾಡಿದ?" ಎಂದು ಕೇಳಿ. ಪಾಠ ಹುಡುಕುವ ಕಣ್ಣಿಗೆ ಗೊತ್ತಿರುವ ಪಾಠವೇ ಮತ್ತೆ ಸಿಗುತ್ತದೆ. ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ.

ಉದಾಹರಣೆಗೆ ಮಾರ್ಕ 4:35ರಿಂದ ಅಧ್ಯಾಯದ ಕೊನೆಯವರೆಗೆ, ಬಿರುಗಾಳಿಯ ಪ್ರಸಂಗ. ನೂರು ಸಲ ಕೇಳಿದ್ದೇವೆ. ನಿಧಾನಕ್ಕೆ ಓದಿದರೆ 35ನೇ ವಚನದಲ್ಲಿ ಒಂದು ಸಣ್ಣ ಸಂಗತಿ ಕಾಣುತ್ತದೆ: ಅದೇ ದಿನದ ಸಂಜೆ. ಅಂದರೆ ಬಿತ್ತುವವನ ಸಾಮ್ಯ ಹೇಳಿದ ದಿನದ ಸಂಜೆಯೆಂದೇ ಮಾರ್ಕನು ಕಥೆಯನ್ನು ಜೋಡಿಸಿದ್ದಾನೆ. ಚಿಂತೆಯೆಂಬ ಮುಳ್ಳಿನ ಅರ್ಥವನ್ನು ಏಕಾಂತದಲ್ಲಿ ಬಿಡಿಸಿ ಹೇಳಿಸಿಕೊಂಡ ಶಿಷ್ಯರೇ ಕತ್ತಲಾಗುತ್ತಲೇ, ದಿಂಬಿಗೆ ತಲೆಯಿಟ್ಟು ಮಲಗಿದ್ದ ಗುರುವನ್ನು ಎಬ್ಬಿಸಿ, ನಾವು ಮುಳುಗುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಕೇಳುತ್ತಾರೆ. ಮಾರ್ಥಳೂ ಅಡಿಗೆಮನೆಯಿಂದ ಬಂದು ಕೇಳಿದ್ದು ಅದನ್ನೇ, ನಿನಗೆ ಚಿಂತೆಯಿಲ್ಲವೇ? ಮೂಲ ಗ್ರೀಕಿನಲ್ಲಿ ಎರಡು ಕಡೆಯೂ ಒಂದೇ ಕ್ರಿಯಾಪದ. 1 ಪೇತ್ರ 5:7ರಲ್ಲಿ, ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ, ಆತನಿಗೆ ನಿಮ್ಮ ಚಿಂತೆಯಿದೆ ಎನ್ನುವಾಗ ಮತ್ತೆ ಅದೇ ಪದ. ದೋಣಿಯಲ್ಲಿದ್ದ ಪೇತ್ರನ ಹೆಸರಿನ ಪತ್ರದಲ್ಲಿ ದೋಣಿಯ ಪ್ರಶ್ನೆಗೆ ಉತ್ತರ! ಇದು ನನಗೆ ಸಿಕ್ಕಿದ್ದು ಹದಿನೈದು ವಚನದ ವೇಗದಲ್ಲಿ. ದಿನಕ್ಕೆ ಮೂರು ಅಧ್ಯಾಯ ಓಡುತ್ತಿದ್ದಾಗ ಸಿಕ್ಕಿರಲಿಲ್ಲ.

ಬರೆದ ವಾಕ್ಯದ ಕೆಳಗೆ ಅವತ್ತು ಮಾಡುವ ಒಂದೇ ಒಂದು ಕೆಲಸ ಬರೆಯಿರಿ. "ಹೆಚ್ಚು ಪ್ರೀತಿಸುತ್ತೇನೆ" ಎಂಬಂಥದ್ದು ನಡೆಯುವುದಿಲ್ಲ. "ಕೆಳಗಿನ ಮನೆ ಅಜ್ಜಿಗೆ ಮಾತ್ರೆ ತಂದುಕೊಡುತ್ತೇನೆ" ಎಂಬುದು ನಡೆಯುತ್ತದೆ.

ಮಾರ್ಕ ಮುಗಿದ ಮೇಲೆ ಜ್ಞಾನೋಕ್ತಿಗಳು ಹಿಡಿಯಬಹುದು. 31 ಅಧ್ಯಾಯ, ತಾರೀಕಿಗೊಂದು. ಯಾಜಕಕಾಂಡ ಎಲ್ಲಿಗೂ ಓಡಿಹೋಗುವುದಿಲ್ಲ, ಗೊತ್ತಿರುವ ಒಬ್ಬರ ಜೊತೆ ಓದಿ.

## ಹಂತ 6: ದುಡ್ಡಿನ ಮುಳ್ಳು

ಸಾಮ್ಯದಲ್ಲಿ ಐಶ್ವರ್ಯವನ್ನಲ್ಲ, ಅದರ ಮೋಸವನ್ನು ಹೆಸರಿಸಿದೆ. ಹಾಗಾಗಿ "ನಮ್ಮ ಹತ್ತಿರ ಐಶ್ವರ್ಯ ಎಲ್ಲಿದೆ, ಇಎಂಐ ಕಟ್ಟುವುದೇ ಆಗಿದೆ" ಎನ್ನುವವರೂ ಈ ಹಂತ ಬಿಡುವಂತಿಲ್ಲ. ಪರೀಕ್ಷೆ ಸುಲಭ. ನಿಮ್ಮ ಮಾತಿನಲ್ಲಿ "ಇದೊಂದು ಆಗಿಬಿಟ್ಟರೆ" ಎಂಬುದು ಎಷ್ಟು ಸಲ ಬರುತ್ತದೆ ಎಣಿಸಿ. ಈ ಲೋನ್ ಒಂದು ತೀರಿದರೆ ಸಭೆಗೆ ತಪ್ಪದೆ ಬರುತ್ತೇನೆ. ಚೀಟಿ ಒಂದು ಎತ್ತಿದರೆ ಕಾಣಿಕೆ ಕೊಡುತ್ತೇನೆ. ಮಗಳ ಮದುವೆ ಒಂದು ಮುಗಿದರೆ ದೇವರ ಕೆಲಸ. ಮೋಸವೆಂದರೆ ಇದೇ. ಧರ್ಮೋಪದೇಶಕಾಂಡ 8 ಎಚ್ಚರಿಸುವುದು ಹಸಿದವರನ್ನಲ್ಲ, ಉಂಡು ತೃಪ್ತರಾಗಿ ಒಳ್ಳೆಯ ಮನೆ ಕಟ್ಟಿಕೊಂಡವರನ್ನು.

ಮಾಡಬೇಕಾದ್ದು: ಸಂಬಳ ಬಂದ ದಿನವೇ, ಮೊದಲ ಖರ್ಚಾಗಿ, ಕೊಡಬೇಕೆಂದಿರುವುದನ್ನು ತೆಗೆದಿಡಿ. ದಶಮಾಂಶವೋ ಅದಕ್ಕಿಂತ ಕಡಿಮೆಯೋ, ನಿಮಗೂ ದೇವರಿಗೂ ಬಿಟ್ಟದ್ದು. ಉಳಿದರೆ ಕೊಡೋಣ ಎಂದುಕೊಂಡರೆ ಯಾವತ್ತೂ ಉಳಿಯುವುದಿಲ್ಲ. ಇನ್ನೊಂದು, ಒಂದು ಪಾಲಾದರೂ ಯಾರಿಗೂ ಕಾಣದಂತೆ ಹೋಗಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ನಿಂಬೆಹಣ್ಣಿಗೆ ಸಾವಿರಗಟ್ಟಲೆ ಕೂಗಿ ಚಪ್ಪಾಳೆ ಹೊಡೆಸಿಕೊಳ್ಳುವುದು ಸಭೆಯ ಖುಷಿ, ಬೇಡವೆನ್ನುವುದಿಲ್ಲ. ಅದು ಕಳೆ ಕೀಳುವ ಕೆಲಸ ಮಾತ್ರ ಅಲ್ಲ.

ಸಾಲ ಕುತ್ತಿಗೆಗೆ ಬಂದಿದ್ದರೆ ಅದನ್ನು ಗುಟ್ಟಾಗಿಟ್ಟು ಪ್ರಾರ್ಥಿಸಬೇಡಿ. ಮನೆಯವರ ಮುಂದೆ ಕಾಗದದ ಮೇಲೆ ಲೆಕ್ಕ ಹಾಕಿ. "ಬೀಜದ ಕಾಣಿಕೆ ಕಳಿಸಿದರೆ ಸಾಲ ತೀರುತ್ತದೆ" ಎಂದು ಟಿವಿಯಲ್ಲಿ ಹೇಳುವವರಿಂದ ದೂರವಿರಿ. ಅದು ಮುಳ್ಳಿಗೆ ಗೊಬ್ಬರ.

## ಹಂತ 7: ಭಾನುವಾರ, ಮತ್ತು ಆ ಒಬ್ಬ ವ್ಯಕ್ತಿ

ಭಾನುವಾರ ಬೆಳಗ್ಗೆ ಟ್ಯೂಷನ್ ಟೆಸ್ಟ್, ಸೈಟ್ ನೋಡುವುದು, ಮದುವೆ. ಒಂದು ವಾರ ಲೈವ್‌ನಲ್ಲಿ ಆರಾಧನೆ ನೋಡಿದರೆ ಏನೂ ಆಗುವುದಿಲ್ಲ. ಹಾಸಿಗೆಯಲ್ಲೇ ಮಲಗಿ ನೋಡಿದ ನಾಲ್ಕನೇ ವಾರ ಏನೋ ಆಗಿದೆ ಎಂದು ತಿಳಿಯಿರಿ. ಪರದೆಯ ಮೂಲಕ ಕರ್ತನ ಭೋಜನ ಕೈಗೆ ಸಿಗುವುದಿಲ್ಲ, ಪಕ್ಕದಲ್ಲಿ ಕೂತವರು "ಯಾಕೆ ಮುಖ ಬಾಡಿದೆ?" ಎಂದು ಕೇಳುವುದೂ ಇಲ್ಲ.

ಇನ್ನು ಆ ವ್ಯಕ್ತಿ. ಮನೆಯವರಾಗದಿದ್ದರೆ ಒಳ್ಳೆಯದು. ಅಯ್ಯನವರೇ (ಸಭೆಯ ಪಾಸ್ಟರ್) ಆಗಬೇಕೆಂದಿಲ್ಲ, ಅವರಿಗೆ ನೂರು ಮನೆ. ಸಭೆಯ ಒಬ್ಬ ಅಕ್ಕ, ಒಬ್ಬ ಅಣ್ಣ, ಮಾತು ಹೊರಗೆ ಹಾಕದವರು. ವಾರಕ್ಕೊಮ್ಮೆ ಹತ್ತು ನಿಮಿಷ, ಎರಡೇ ಪ್ರಶ್ನೆ: ಈ ವಾರ ಏನು ಓದಿದೆ? ಯಾವುದು ಉಸಿರು ಕಟ್ಟಿಸುತ್ತಿದೆ? ನಾನು ಹೀಗೆ ಮಾತಾಡುವ ಅಕ್ಕ ಬುದ್ಧಿವಾದ ಹೇಳುವುದಿಲ್ಲ. "ಹೂಂ" ಎನ್ನುತ್ತಾರೆ, ಕೊನೆಗೆ ಒಂದು ಸಾಲಿನ ಪ್ರಾರ್ಥನೆ ಮಾಡಿ ಫೋನ್ ಇಡುತ್ತಾರೆ. ಬುದ್ಧಿವಾದ ಹೇಳುವವರನ್ನು ಈ ಕೆಲಸಕ್ಕೆ ಆರಿಸಬೇಡಿ.

## ಎಚ್ಚರಿಕೆಯ ಗುರುತುಗಳು

ಮುಳ್ಳಿನ ನಡುವಿನ ಪೈರಿಗೆ ಎಲೆ ಇದ್ದೇ ಇರುತ್ತದೆ. ಹಾಡುತ್ತೀರಿ, ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೀರಿ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ನೀವೇ ನೋಡಿಕೊಳ್ಳಬೇಕು.

ಬೇರೆಯವರ ಮುಂದೆ ಮಾಡುವ ಪ್ರಾರ್ಥನೆ ಉದ್ದವಾಗುತ್ತಾ, ಒಬ್ಬರೇ ಇರುವಾಗಿನದು ಗಿಡ್ಡವಾಗುತ್ತಾ ಬಂದರೆ ಎಚ್ಚರ. ದೇವರು ನಿಮಗೆ ಮಾಡಿದ್ದನ್ನು ಹೇಳುವ ಹಳೆಯ ಸಾಕ್ಷಿಯನ್ನೇ ಹೇಳುತ್ತಿದ್ದು, ಎರಡು ವರ್ಷದಿಂದ ಹೊಸದೇನೂ ಸೇರಿಲ್ಲದಿದ್ದರೆ ಎಚ್ಚರ. ಪ್ರಸಂಗ ಕೇಳುವಾಗ "ಇದು ಅವಳಿಗೆ ಸರಿಯಾಗಿ ಹೇಳಿದರು" ಎಂದು ಪಕ್ಕದ ಸಾಲಿನ ಕಡೆ ಕಣ್ಣು ಹೋದರೆ, ಅದು ಕಾಂಗ್ರೆಸ್ ಗಿಡ ಹೂ ಬಿಟ್ಟ ಹಾಗೆ. ಬೀಜ ಉದುರುವ ಮುಂಚೆ ಕೀಳಬೇಕು.

ಇನ್ನೊಂದು ಗುರುತು ಬೇರೆಯೇ ಜಾತಿಯದು. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಎದೆ ಡವಗುಟ್ಟುತ್ತಲೇ ಇದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ನಂಬಿಕೆಯ ಕೊರತೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕೆಂದು ಬೇಡಿ ಮರದಡಿ ಮಲಗಿದ ಪ್ರವಾದಿ ಎಲೀಯನಿಗೆ 1 ಅರಸುಗಳು 19ರಲ್ಲಿ ದೇವದೂತನು ಮೊದಲು ಕೊಟ್ಟದ್ದು ಉಪದೇಶವಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನಿಸಿದ.

## ನಡುವೆ ನಿಂತುಹೋದರೆ

ನಿಲ್ಲುತ್ತದೆ. ಜ್ವರ, ಊರಿನ ಹಬ್ಬ, ಬರೇ ಸೋಮಾರಿತನ, ಏನಾದರೊಂದು. ತಪ್ಪಿದ ಹತ್ತು ದಿನದ ಪಾಲನ್ನು ಒಟ್ಟಿಗೆ ಓದಿ ಮುಗಿಸಲು ಕೂರಬೇಡಿ, ಹೆಚ್ಚಿನವರು ಎರಡನೇ ಸಲ ನಿಲ್ಲುವುದು ಅಲ್ಲೇ. ಜನವರಿ 1ಕ್ಕೂ ಕಾಯಬೇಡಿ. ಒಂದು ದಿನ ಮಾತ್ರ ಹಂತ 1ಕ್ಕೆ ಹಿಂತಿರುಗಿ, ಮನಸ್ಸು ಓಡಿದ ಕಡೆಗಳನ್ನು ಬರೆಯಿರಿ. ಹೊಸ ಕಳೆ ಯಾವುದೆಂದು ಕಾಣುತ್ತದೆ. ಮರುದಿನ, ಬಿಟ್ಟಲ್ಲಿಂದ ಹದಿನೈದು ವಚನ.

ನನ್ನ ನೋಟ್‌ಬುಕ್‌ನಲ್ಲಿ ಮಾರ್ಚ್ 3ರ ಕೆಳಗೆ ಮೇ 19 ಇದೆ. ನಡುವೆ ಪುಟ ಬಿಟ್ಟಿಲ್ಲ.